ಡುಲ್ಮಾಳ ವ್ಯಾನಿನ ಮೂಗು

ಅಜ್ಜನ ಹೆಸರು ನೆರ್ಗುಯ್. ಅಂದರೆ, ಹೆಸರಿಲ್ಲ.
ಮುಂಚೆ ಹುಟ್ಟಿದ ಮೂವರನ್ನು ಒಯ್ದ ಸಾವು
ನಾಲ್ಕನೆಯದನ್ನು ಹೆಸರು ಹಿಡಿದು ಕೂಗದಿರಲೆಂದು
ಅವರವ್ವ ಹೂಡಿದ ಉಪಾಯ.
ಉಪಾಯ ಫಲಿಸಿ ಅರವತ್ತೇಳು ವರ್ಷ.
ಉಲಾನ್‌ಬಾತರಿನ ಬಡಗಣ ಗುಡ್ಡದಲ್ಲಿ
ಹಳೇ ಕಂಟೇನರೇ ಗ್ಯಾರೇಜು;
ಅದಕ್ಕೂ ಹೆಸರಿಲ್ಲ, ಒಂದು ಟೈರು ತೂಗುತ್ತದೆ ಅಷ್ಟೆ.

ಇಂದು ಮೈನಸ್ ಇಪ್ಪತ್ತೊಂಬತ್ತು.
ಡುಲ್ಮಾಳ ಡೆಲಿಕಾ ಏದುತ್ತ ಬಂತು,
ಹಿಂದೆ ಕರಿ ಬಾಲ,
ಒಳಗೆ ತಟ್ಟೆಯಾಕಾರಕ್ಕೆ ಹೆಪ್ಪುಗಟ್ಟಿದ ಹಾಲು, ಮೂಟೆ ಮೂಟೆ.
ಕೀಲಿ ತಿರುಗಿಸಿದಾಗೆಲ್ಲ ಡ್ಯಾಶ್‌ಬೋರ್ಡಿನೊಳಗಿಂದ
ಒಬ್ಬ ಜಪಾನಿ ಹೆಂಗಸು
ಬಹಳ ಮರ್ಯಾದೆಯಿಂದ ಏನೋ ಹೇಳುತ್ತಾಳೆ.
ಏಳು ವರ್ಷವಾಯಿತು, ಯಾರಿಗೂ ತಿಳಿದಿಲ್ಲ.

"ಪೆಟ್ರೋಲು ಗಟಗಟ ಕುಡೀತಿದೆ, ಬಾವಿ ಕಂಡ ಒಂಟೆ ಹಾಗೆ."
"ಒಂಟೆಯ ತಪ್ಪಲ್ಲ," ಅಜ್ಜ ಅಂಗಾತ ಜಾರಿದರು ವ್ಯಾನಿನಡಿ.
"ಮೂಗು ಸುಳ್ಳು ಹೇಳ್ತಿದೆ.
ಗಾಳಿ ಹೆಚ್ಚಾಯ್ತು, ಪೆಟ್ರೋಲು ಸಾಲದು, ಸಾಲದು ಅಂತ
ಹಗಲೂ ರಾತ್ರಿ ಚಾಡಿ.
ಎಂಜಿನ್ನು ಪಾಪ, ನಂಬಿ ಸುರಿಯುತ್ತೆ."

ನಾನು ಟಾರ್ಚು ಹಿಡಿದೆ.
ಹೊಗೆಕೊಳವೆಯ ಕತ್ತಿನಲ್ಲಿ, ಹೆಬ್ಬೆರಳ ಗಾತ್ರದ್ದು,
ತುಕ್ಕು ಕಚ್ಚಿ ಕೂತಿದೆ, ಬಾಲಕ್ಕೆ ನಾಲ್ಕು ತಂತಿ.
ತಣ್ಣಗಿದ್ದಾಗ ಕೈಹಚ್ಚಿದರೆ ತಿರುಪು ಕಿತ್ತುಬರುತ್ತೆ.
ಎಂಜಿನ್ ಹತ್ತು ನಿಮಿಷ ಓಡಿಸಿ, ಆರಿಸಿ,
ಲೋಹ ಹಿಗ್ಗಿರುವಾಗಲೇ ಎಣ್ಣೆ ಚಿಮುಕಿಸಿ
ಇಪ್ಪತ್ತೆರಡರ ಸಾಕೆಟ್ಟು, ತಂತಿಗೆ ದಾರಿಯಿರಲೆಂದು ಪಕ್ಕ ಸೀಳಿದ್ದು.
ಮೊದಲ ಎಳೆತಕ್ಕೆ ಕದಲಲಿಲ್ಲ.
ಎರಡನೆಯದಕ್ಕೆ ಕಿರುಗುಟ್ಟಿದ್ದು ಅಜ್ಜನ ಭುಜ.
ಹಿಡಿಗೆ ಪೈಪು ತೊಡಿಸಿ ಇಬ್ಬರೂ ಜೋತುಬಿದ್ದೆವು.
ಮೂಗು ಹಿಡಿದರೆ ಬಾಯಿ ಬಿಡಲೇಬೇಕಲ್ಲ,
ಕಿರ್ರೆಂದು ಚೀರಿ ಬಿಟ್ಟಿತು.

ಹೊರಬಂದದ್ದು ಮಸಿಮೋರೆ.
ಅಜ್ಜ ಮೂಗಿನ ಬಳಿ ಒಯ್ದರು, ರೂಢಿ.
ಬಾಯ್ಲರಿನೆದುರು ಇಪ್ಪತ್ತಾರು ವರ್ಷ ಕಲ್ಲಿದ್ದಲು ಎಸೆದು
ವಾಸನೆಯನ್ನೂ ಅದರೊಳಗೇ ಎಸೆದು ಬಂದವರು.
ಆಮೇಲೆ ನನ್ನ ಕಡೆ ಚಾಚಿದರು.
"ಏನು ನಾತ?"
"ಕೊಳೆತ ಮೊಟ್ಟೆ. ಸುಟ್ಟ ಉಣ್ಣೆ. ನಮ್ಮ ಶಾಲೆ."
ತಾವೇ ಮೂಸಿದವರ ಹಾಗೆ ತಲೆಯಾಡಿಸಿದರು.
ಏಳರ ವಯಸ್ಸಿನಿಂದ ಇದು ನನ್ನ ಕೆಲಸ:
ಹಾಲು ಕೆಟ್ಟಿದೆಯೆ, ಗ್ಯಾಸು ಸೋರಿದೆಯೆ,
ಮಾಂಸ ಇನ್ನೊಂದು ದಿನ ತಾಳೀತೆ.

ಆ ರಾತ್ರಿಯೂ ಕೇಳಿದ್ದರು,
ಒಲೆಗೆ ಹೊಸ ಇದ್ದಿಲುಂಡೆ ತುಂಬಿ ಮಲಗುವಾಗ,
"ವಾಸನೆ ಏನಾದರೂ?"
"ಏನಿಲ್ಲ ಅಜ್ಜಾ."
ಸುಳ್ಳಲ್ಲ. ಏನೂ ಇರಲಿಲ್ಲ.
ಅದಕ್ಕೆ ವಾಸನೆಯೇ ಇಲ್ಲವಂತೆ, ಆಸ್ಪತ್ರೆಯಲ್ಲಿ ಹೇಳಿದರು.
ಹೆಸರು ಕೂಗದೆಯೇ ಒಯ್ಯುತ್ತದಂತೆ.
ಬಾಗಿಲ ಬಳಿ ಮಲಗಿದ್ದ ನಾವಿಬ್ಬರು ಎದ್ದೆವು,
ಅಜ್ಜಿ ಒಲೆಯ ಮಗ್ಗುಲಲ್ಲಿದ್ದಳು.
ಈಗ ಹಾಸಿಗೆಯ ಮೇಲೆ ಅಂಗೈಯಗಲದ ಬಿಳಿ ಡಬ್ಬಿ, ಹಸಿರು ಕಣ್ಣು.
ಅಜ್ಜ ದಿನಾ ಗುಂಡಿಯೊತ್ತಿ ಅರಚಿಸಿ ನೋಡುತ್ತಾರೆ.
ನೆರೆಮನೆಯ ನಾಯಿಗಳು ಬೈಯುತ್ತವೆ.

ಹೊಸದರ ತಿರುಪಿಗೆ ಮಾತ್ರ ಬೂದು ಗ್ರೀಸು,
ತುದಿಗೆ ತಾಗಕೂಡದು.
"ಕೂಸಿನ ಮೂಗಿಗೆ ಯಾರಾದರೂ ಬೆಣ್ಣೆ ಮೆತ್ತುತ್ತಾರೇನು?"
ಬೆರಳಲ್ಲೇ ತಿರುಗಿಸಿ, ಕೊನೆಯ ಅರ್ಧ ಸುತ್ತಿಗೆ ಸ್ಪ್ಯಾನರು.
ಕೊಂಡಿ, ಟಕ್.
ಕೀಲಿ. ಜಪಾನಿ ಹೆಂಗಸು ಮಾತು ಮುಗಿಸುವವರೆಗೆ ಕಾದೆವು.
ಪುಟ್ಟ ಪರದೆಯಲ್ಲಿ ಗೆರೆ ಏರಿತು, ಇಳಿಯಿತು, ಏರಿತು,
ಸಾಲದು, ಹೆಚ್ಚಾಯ್ತು, ಸಾಲದು, ಹೆಚ್ಚಾಯ್ತು.
"ಹೀಗೆ ಒದ್ದಾಡುತ್ತಿದ್ದರೇ ಸರಿ," ಅಂದರು ಅಜ್ಜ.
"ನೆಟ್ಟಗಾಯಿತೋ, ಕೆಟ್ಟಿತು."

ಡುಲ್ಮಾ ಅರ್ಧ ದುಡ್ಡು ಕೊಟ್ಟಳು,
ಮಿಕ್ಕದ್ದಕ್ಕೆ ಒಂದು ಚೀಲ ಒಣಮೊಸರಿನ ತುಂಡು.
ಬಾಲವಿಲ್ಲದ ವ್ಯಾನು ಊರಿನ ಹೊಗೆಯೊಳಗೆ ಇಳಿಯಿತು.
ಹಳೆಯದು ಚಹಾ ಡಬ್ಬಿಗೆ, ತನ್ನಂಥವೇ ನಲವತ್ತರ ಜೊತೆ.
ಅಜ್ಜ ಒಂದು ತುಂಡು ಬಾಯಿಗಿಟ್ಟು
ದವಡೆಯಿಂದ ದವಡೆಗೆ ಬಹಳ ಹೊತ್ತು ಹೊರಳಿಸಿದರು.
ನಾನು ಶುರುಮಾಡಿದೆ: ಹಸುವಿನದು, ಸ್ವಲ್ಪ ಹೊಗೆ ಹಿಡಿದಿದೆ, ಆಮೇಲೆ...
ಗ್ರೀಸು ಬಳಿದ ಕೈ ಅಡ್ಡ ಮಾಡಿದರು.
"ತಾಳು. ಹುಳಿ ಇನ್ನೂ ಗೊತ್ತಾಗುತ್ತೆ."